ಅವ್ವನ ಹಳೆ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್‌ಗೆ ಒರಿಜಿನಲ್ ಸೀಲ್ ಕಲಬುರಗಿಯಲ್ಲಿ ಸಿಗುತ್ತಾ, ಹೈದರಾಬಾದಿಗೆ ಹೋಗಬೇಕಾ?

ಹೈದರಾಬಾದಿಗೆ ಹೋಗಬೇಡಿ. ಒರಿಜಿನಲ್ ಅನ್ನೋ ಮಾತನ್ನೂ ಬಿಟ್ಟುಬಿಡಿ. 25 ವರ್ಷದ ಮಷಿನ್, ಡ್ರೈಯರ್ ಕಡೆ ನೀರು ಸೋರುತ್ತೆ, ಕಂಪನಿ ಆ ಮಾಡೆಲ್ ನಿಲ್ಲಿಸಿದೆ ಅಂದಿರಲ್ಲ, ನಮ್ಮ ಮನೆಯಲ್ಲೂ ಇದೇ ಆಗಿತ್ತು.

2017ರ ಬೇಸಿಗೆ. ನಮ್ಮದೂ ಎರಡು ಟಬ್ಬಿನ ಮಷಿನ್. ಬಟ್ಟೆ ಹಿಂಡೋಕೆ ಹಾಕಿದಾಗಲೆಲ್ಲ ಶಹಾಬಾದ್ ಫರಸಿ ಮೇಲೆ ತಟ್ಟೆಯಗಲ ಒದ್ದೆಯಾಗುತ್ತಿತ್ತು. ಅವ್ವ ಅಲ್ಲಿ ಗೋಣಿಚೀಲ ಹಾಸಿಟ್ಟಿದ್ದಳು. ಒಂದು ಭಾನುವಾರ ಪ್ಲಗ್ ಕಿತ್ತು ನಾನೇ ಬಿಚ್ಚಿದೆ. ಡ್ರೈಯರಿನ ಬುಟ್ಟಿ ಎತ್ತಿದರೆ ಕೆಳಗೆ ಕರಿ ರಬ್ಬರಿನ ಸೀಲ್ ಇರುತ್ತದೆ. ಅಂಗಡಿಯವರು ಅದಕ್ಕೆ ಬೆಲ್ಲೋ ಅಂತಾರೆ. ನಮ್ಮದರ ತುಟಿ ಹರಿದಿತ್ತು. ಬುಟ್ಟಿ ತಿರುಗಿಸುವ ಕಬ್ಬಿಣದ ಕಂಬಿ, ಅಂದರೆ ಶಾಫ್ಟಿನ ಸುತ್ತ ಬಿಳಿ ಉಪ್ಪು ಹೆಪ್ಪುಗಟ್ಟಿ, ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ನಮ್ಮ ಕಡೆ ಬೋರ್ ನೀರು ಗೊತ್ತಲ್ವಾ, ನೆಲದಲ್ಲೇ ಸುಣ್ಣದ ಕಲ್ಲು. ಆ ಉಪ್ಪು ಶಾಫ್ಟಿಗೆ ಅಂಟಿದರೆ ತಿರುಗಿದಷ್ಟೂ ರಬ್ಬರನ್ನು ಉಜ್ಜಿ ತಿನ್ನುತ್ತದೆ.

ಇಲ್ಲಿ ತಪ್ಪು ಮಾಡಿದೆ. ಹರಿದ ಸೀಲನ್ನು ಕಸದ ಗಾಡಿಗೆ ಹಾಕಿಬಿಟ್ಟೆ. ಹಾಳಾದದ್ದು ಇನ್ನೇಕೆ ಅಂದುಕೊಂಡೆ. ಮರುದಿನ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಹೋದೆ.

"ಹಳೀದು ತಂದೀರೇನ್ರಿ?"

"ಇಲ್ರಿ, ಒಗದಬಿಟ್ಟೆ."

ಅವರು ಕಂಪನಿ ಹೆಸರು ಕೇಳಿ ಒಂದು ಸೀಲ್ ಕೊಟ್ಟರು. ನೋಡೋಕೆ ಥೇಟ್ ಅದೇ. ಆದರೆ ಒಂದೇ ಕಂಪನಿ ಬೇರೆ ಬೇರೆ ವರ್ಷ ಬೇರೆ ಬೇರೆ ದಪ್ಪದ ಶಾಫ್ಟ್ ಹಾಕಿರುತ್ತದೆ. ನಮ್ಮ ಶಾಫ್ಟ್ 10 ಮಿ.ಮೀ., ಆ ಸೀಲಿನ ತೂತು 12. ಕೂರಿಸುವಾಗ ಸಡಿಲ ಅನ್ನಿಸಿತ್ತು. ರಬ್ಬರ್ ತಾನೇ, ಹಿಡಿಯುತ್ತೆ ಅಂತ ಗ್ರೀಸ್ ಹಚ್ಚಿ ಒತ್ತಿದೆ. ಹಳೇದು ಕೈಯಲ್ಲಿದ್ದಿದ್ದರೆ ಅಂಗಡಿಯಲ್ಲೇ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಎರಡು ನಿಮಿಷದ ಕೆಲಸ.

ಈ ಸೀಲಿಗೆ ಯಾಕೆ ಇಷ್ಟು ಹೆದರಬೇಕು ಅಂದರೆ, ಒಗೆಯೋ ಕಡೆ ಮೋಟರ್ ಪಕ್ಕಕ್ಕೆ ಇರುತ್ತದೆ, ಬೆಲ್ಟಿನಿಂದ ತಿರುಗುತ್ತದೆ. ಡ್ರೈಯರ್ ಕಡೆ ಹಾಗಲ್ಲ. ಮೋಟರ್ ಬುಟ್ಟಿಯ ನೇರ ಕೆಳಗೇ ಕೂತಿರುತ್ತದೆ. ಸೀಲ್ ಸಡಿಲವಾದರೆ ನೀರು ಶಾಫ್ಟ್ ಹಿಡಿದು ಇಳಿದು ಮೋಟರಿನ ನೆತ್ತಿಗೇ ಬೀಳುತ್ತದೆ. ಮೂರು ವಾರ ಹಾಗೇ ಬಿತ್ತು. ಫರಸಿ ಮೇಲೆ ಒದ್ದೆ ಕಮ್ಮಿಯಾಗಿತ್ತು, ರಿಪೇರಿ ಸರಿಯಾಯ್ತು ಅಂತಲೇ ನಂಬಿದ್ದೆವು. ಒಂದು ಬೆಳಿಗ್ಗೆ ಗುಂಯ್ ಅಂತ ಸದ್ದು ಬಂತು, ಬುಟ್ಟಿ ತಿರುಗಲಿಲ್ಲ. ಆಮೇಲೆ ಸುಟ್ಟ ವಾಸನೆ.

ಬೋರ್ ಮೋಟರ್ ರೀವೈಂಡಿಂಗ್ ಮಾಡುವ, ಅಂದರೆ ಸುಟ್ಟ ತಂತಿ ತೆಗೆದು ಹೊಸದು ಸುತ್ತುವ ಉಸ್ತಾದರು ಬಿಚ್ಚಿ, ಕರ್ರಗಾದ ತಂತಿ ತೋರಿಸಿದರು. "ಮೋಟರಿಂದ ತಪ್ಪಿಲ್ರಿ, ಮ್ಯಾಲಿಂದ ನೀರ್ ಇಳದದ." 80 ರೂಪಾಯಿಯ ಸೀಲಿಗೆ 1,100 ರೂಪಾಯಿ ರೀವೈಂಡಿಂಗ್ ಖರ್ಚಾಯ್ತು. ಅದಕ್ಕಿಂತ ಜಾಸ್ತಿ ಬೇಜಾರಾದದ್ದು, ಹನ್ನೆರಡು ದಿನ ಅವ್ವ ಮಂಡಿನೋವು ಇಟ್ಟುಕೊಂಡು ಬೆಡ್‌ಶೀಟ್ ಕೈಯಲ್ಲಿ ಹಿಂಡಿದ್ದು.

ಅದಕ್ಕೇ ಹೇಳ್ತೀನಿ, ಕಂಪನಿ ಹೆಸರು ಹೇಳಿ ಪಾರ್ಟ್ ಕೇಳಬೇಡಿ, ಅಳತೆ ಹೇಳಿ ಕೇಳಿ. ಮೊದಲು ಶಾಫ್ಟಿನ ಉಪ್ಪನ್ನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ. ಉಪ್ಪಿನ ಮೇಲೆ ಅಳೆದರೆ ಲೆಕ್ಕ ತಪ್ಪುತ್ತೆ. ಆಮೇಲೆ ವರ್ನಿಯರ್ (ಮಿ.ಮೀ. ಅಳೆಯುವ ಇಕ್ಕಳದಂಥ ಅಳತೆಪಟ್ಟಿ) ಹಿಡಿದು ಶಾಫ್ಟಿನ ದಪ್ಪ, ಸೀಲ್ ಕೂರುವ ತೂತಿನ ಅಗಲ, ಸೀಲಿನ ಎತ್ತರ ಬರೆದುಕೊಳ್ಳಿ. ಹಳೆ ಸೀಲ್ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಕೆಲವು ಬೆಲ್ಲೋಗಳ ನಡುವೆ ಇರೋದು ಸಾದಾ ಆಯಿಲ್ ಸೀಲ್. ಅದರ ಮೇಲೆ 25-47-7 ಥರ ಮೂರು ಅಂಕಿ ಇದ್ದರೆ ಮಿ.ಮೀ.ನಲ್ಲಿ ಒಳ ಅಳತೆ, ಹೊರ ಅಳತೆ, ದಪ್ಪ ಅಂತ ಅರ್ಥ. ಅಂಥದ್ದು ಟ್ರ್ಯಾಕ್ಟರ್, ಪಂಪಿನ ಸಾಮಾನಿನ ಅಂಗಡಿಯಲ್ಲೂ ಸಿಗುತ್ತೆ. ಬೇರಿಂಗ್ ಕೂಡ ಹಾಗೇ. 6204 ಅಂದರೆ ಯಾವ ಕಂಪನಿದಾದರೂ ಒಳಗೆ 20, ಹೊರಗೆ 47, ದಪ್ಪ 14 ಮಿ.ಮೀ. ಬೆಲ್ಟಿನ ಮೇಲೂ ನಂಬರ್ ಇರುತ್ತೆ. ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ಬದಲಿಸಿದರೆ ಮೈಕ್ರೋಫ್ಯಾರಡ್ ಅಂಕಿ ಹಳೇದರದ್ದೇ ಇರಲಿ, ವೋಲ್ಟ್ ಕಮ್ಮಿ ಇರಬಾರದು. ಮುಟ್ಟೋ ಮೊದಲು ಪ್ಲಗ್ ಕೀಳಿ.

ಹೊಸದು ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಟಬ್ ಸೀಳಿದ್ದರೆ ತಗೊಳ್ಳಿ. ಬರೀ ಸೀಲಿಗಾಗಿ ಆದರೆ ನಾನಂತೂ ಬೇಡ ಅಂತೀನಿ. ಸರಿಯಾದ 10 ಮಿ.ಮೀ. ಸೀಲ್ ಕೊನೆಗೆ ನನಗೆ ಸಿಕ್ಕಿದ್ದು ಅದೇ ಸೂಪರ್ ಮಾರ್ಕೆಟ್ ಅಂಗಡಿಯಲ್ಲಿ, ಅದೇ ಡಬ್ಬಿಯಲ್ಲಿ. ಈ ಸಲ ಕೈಯಲ್ಲಿ ಅಳತೆ ಚೀಟಿ ಇತ್ತು.

ನೀವು ಅಳೆದ ಮೇಲೆ ಶಾಫ್ಟು, ತೂತು, ಸೀಲಿನ ಎತ್ತರ, ಈ ಮೂರು ಅಳತೆ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳ್ತೀನಿ. ಅಲ್ಲಿವರೆಗೂ ಡ್ರೈಯರ್ ಹಾಕಬೇಡಿ. ಮೋಟರ್ ಇನ್ನೂ ಉಳಿದಿದೆ ನಿಮ್ಮದು.