ನಾಲ್ಕು ಎಂಜಿನ್ನಿನ ಗುರುತು

ಪ್ರಶ್ನೆ: ಮಂಡ್ಯದ ನಮ್ಮ ತಾರಸಿಯಿಂದ ನೋಡುವಾಗ, ಎತ್ತರದಲ್ಲಿ ಹಾರುವುದು ಜಂಬೋ 747 ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಎಂಜಿನ್ ಎಣಿಸಿ. 747ಕ್ಕೆ ನಾಲ್ಕು, ಅದರ ಜಾಗಕ್ಕೆ ಬಂದಿರುವ 777, 787, ಎ350ಗಳಿಗೆ ಎರಡೇ. ಎಂಜಿನ್ನುಗಳ ಹಿಂದೆ ಮೂಡುವ ಬಿಳಿ ಗೆರೆ ನೋಡಿ ಎಣಿಸುವವರು ಎಡವುವುದು ಇಲ್ಲೇ: ನಾಲ್ಕು ಗೆರೆಗಳು ಸ್ವಲ್ಪ ಹಿಂದಕ್ಕೆ ಬರುವಷ್ಟರಲ್ಲಿ ಬೆರೆತು ಎರಡಾಗಿಬಿಡುತ್ತವೆ. ರೆಕ್ಕೆಯ ಬೆನ್ನಿಗೇ, ಗೆರೆ ಹುಟ್ಟುವ ಕಡೆ ಕಣ್ಣಿಡಿ. 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಮೊಣಕೈಯನ್ನು ಪ್ಯಾರಾಪೆಟ್ ಗೋಡೆಗೆ ಊರಿ, ಕೈ ನಡುಗಿದರೆ ಎಂಜಿನ್ ಕಾಣದು. ನಾಲ್ಕಿದ್ದರೆ ಎ380 ಕೂಡ ಇರಬಹುದು. ಓರೆಯಾಗಿ ಕಂಡಾಗ 747ರ ಮೇಲಂತಸ್ತಿನ ಉಬ್ಬು ಮುಂಭಾಗದಲ್ಲಿ ಮಾತ್ರ. ಎ380ರ ಮೇಲಂತಸ್ತು ಬಾಲದವರೆಗೂ ಇದೆ. ಕೊನೆಯ 747 ಕಾರ್ಖಾನೆ ಬಿಟ್ಟದ್ದು 2022ರ ಡಿಸೆಂಬರಿನಲ್ಲಿ, ಹಾಗಾಗಿ ಕಂಡಾಗ ಬಿಡಬೇಡಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಿ ಕಾಯುವುದು ದಂಡ. ಅಲ್ಲಿನ ರನ್‌ವೇ ಎಟಿಆರ್‌ನಂಥ ಸಣ್ಣ ವಿಮಾನಗಳಿಗಷ್ಟೇ ಸಾಲುತ್ತದೆ.