ಡಯಟ್ ಇದೆ, ವಾಕಿಂಗ್ ಇದೆ, ತೂಕ ಮಾತ್ರ ನಿಂತಲ್ಲೇ ನಿಂತಿದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ತೂಕ ಇಳಿಸುವ ಬಗ್ಗೆ ಬರುವ ಪತ್ರಗಳದ್ದೆಲ್ಲ ಒಂದೇ ಧಾಟಿ. ಮೊದಮೊದಲು ಚೆನ್ನಾಗಿ ಇಳಿಯಿತು, ಈಗ ನಿಂತುಬಿಟ್ಟಿದೆ, ಮನಸ್ಸು ಸೋತಿದೆ, ಯಾವ ಪುಡಿ ತಗೊಳ್ಳಲಿ? ಆ ಕೊನೆಯ ಮಾತು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸೋತ ಮನಸ್ಸಿಗಾಗಿಯೇ ಬಲೆ ಹಾಕಿ ಕೂತ ವ್ಯಾಪಾರಿಗಳ ಮೇಲಿನ ಸಿಟ್ಟು ಅದು. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಹೆಚ್ಚಿನ ಜಾಗ ಕೊಡುತ್ತೇನೆ. ಕರಿದದ್ದು ಬಿಡಿ, ಸಿಹಿ ಬಿಡಿ ಎಂಬ ಪಾಠ ನಿಮಗೆಲ್ಲ ಬಾಯಿಪಾಠವಾಗಿದೆ, ಅದನ್ನು ಮತ್ತೆ ಒಪ್ಪಿಸುವುದಿಲ್ಲ.

ನನಗೆ 38 ವರ್ಷ, ಎತ್ತರ 156 ಸೆಂ.ಮೀ. 78 ಕೆ.ಜಿ. ಇದ್ದವಳು ನಾಲ್ಕು ತಿಂಗಳಲ್ಲಿ 70ಕ್ಕೆ ಬಂದೆ. ಐದು ವಾರಗಳಿಂದ ಒಂದು ಗ್ರಾಂ ಇಳಿದಿಲ್ಲ. ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನುತ್ತೇನೆ, ದಿನಾ ಒಂದು ಗಂಟೆ ನಡೆಯುತ್ತೇನೆ. ಹುಮ್ಮಸ್ಸೇ ಹೋಗಿದೆ. ಇನ್ನೂ ಕಡಿಮೆ ತಿನ್ನಲೇ? ವಾಕಿಂಗ್ ಎರಡು ಗಂಟೆ ಮಾಡಲೇ?
– ಶಾಲಾ ಶಿಕ್ಷಕಿ, ದಾವಣಗೆರೆ

ಸದ್ಯಕ್ಕೆ ಎರಡೂ ಬೇಡ. ಮೊದಲು ತೂಕ ನಿಜಕ್ಕೂ ನಿಂತಿದೆಯೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಕೊಬ್ಬಿನಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಬರೀ ನೀರಿನ ಲೆಕ್ಕದಲ್ಲೇ ದೇಹದ ತೂಕ ಒಂದೆರಡು ಕೆ.ಜಿ. ಏರಿಳಿಯುತ್ತದೆ. ಮದುವೆಮನೆ ಊಟ, ಉಪ್ಪಿನಕಾಯಿ, ಹಪ್ಪಳ, ಮಲಬದ್ಧತೆ, ಮುಟ್ಟಿನ ಹಿಂದಿನ ವಾರ, ಹೊಸದಾಗಿ ಶುರುಮಾಡಿದ ವ್ಯಾಯಾಮದಿಂದ ನೊಂದ ಸ್ನಾಯು, ಇವೆಲ್ಲ ನೀರನ್ನು ಹಿಡಿದಿಡುತ್ತವೆ. ಈ ತಿಂಗಳ ಮುಟ್ಟಿನ ಮುಂಚಿನ ತೂಕವನ್ನು ಹೋದ ತಿಂಗಳ ಮುಟ್ಟು ಮುಗಿದ ಮೇಲಿನ ತೂಕದ ಜೊತೆ ಹೋಲಿಸಿ ಅಳುವವರು ಬಹಳ. ಆ ಹೋಲಿಕೆಗೆ ಅರ್ಥವೇ ಇಲ್ಲ.

ಬೆಳಿಗ್ಗೆ ಶೌಚ ಮುಗಿಸಿ, ನೀರು ಕಾಫಿ ಏನೂ ಕುಡಿಯುವ ಮೊದಲು, ಅದೇ ಯಂತ್ರವನ್ನು ಗಟ್ಟಿ ನೆಲದ ಮೇಲಿಟ್ಟು (ಚಾಪೆಯ ಮೇಲಿಟ್ಟರೆ ಸುಳ್ಳು ಹೇಳುತ್ತದೆ) ತೂಕ ನೋಡಿ ಬರೆದಿಡಿ. ಒಂದೊಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ. ವಾರಕ್ಕೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ. ನಾಲ್ಕು ವಾರದ ಸರಾಸರಿಯೂ ಕದಲಿಲ್ಲ, ಸೊಂಟವೂ ಕದಲಿಲ್ಲ ಎಂದಾಗ ಮಾತ್ರ ನಿಂತಿದೆ ಎನ್ನಬೇಕು. ಸೊಂಟ ಎರಡು ಸೆಂ.ಮೀ. ಇಳಿದಿದ್ದರೆ ತೂಕದ ಯಂತ್ರ ಏನೇ ಹೇಳಲಿ, ನಿಮ್ಮ ಕೆಲಸ ನಡೆಯುತ್ತಿದೆ.

ನಿಂತದ್ದೇ ನಿಜ ಎಂದುಕೊಳ್ಳೋಣ. ಈಗ ಲೆಕ್ಕ. ಸುಮ್ಮನೆ ಮಲಗಿದ್ದರೂ ನಿಮ್ಮ ದೇಹ ದಿನಕ್ಕೆ ಖರ್ಚು ಮಾಡುವ ಶಕ್ತಿ 78 ಕೆ.ಜಿ. ಇದ್ದಾಗ ಸುಮಾರು 1,400 ಕ್ಯಾಲೊರಿ, 70ಕ್ಕೆ ಬಂದಾಗ ಸುಮಾರು 1,320. ಓಡಾಟ ಸೇರಿಸಿದರೆ ದಿನದ ಒಟ್ಟು ಖರ್ಚು 110ರಷ್ಟು ಇಳಿದಿದೆ. ತೂಕ ಇಳಿದ ದೇಹ ಇದರ ಮೇಲೆ ಇನ್ನಷ್ಟು ಜಿಪುಣವಾಗುತ್ತದೆ: ನಿಮಗೆ ಅರಿವಿಲ್ಲದೆಯೇ ಕೂತಲ್ಲೇ ಕೂರುತ್ತೀರಿ, ನಿಂತು ಮಾಡುತ್ತಿದ್ದ ಕೆಲಸವನ್ನು ಕೂತು ಮಾಡುತ್ತೀರಿ, ಮಹಡಿ ಹತ್ತುವ ಬದಲು ಮಗನನ್ನು ಕಳಿಸುತ್ತೀರಿ. ಎಲ್ಲ ಸೇರಿಸಿದರೂ 150–200 ಕ್ಯಾಲೊರಿ. ನಾಲ್ಕು ತಿಂಗಳಲ್ಲಿ 8 ಕೆ.ಜಿ. ಇಳಿದದ್ದರಲ್ಲಿ ಮೊದಲ ವಾರಗಳ ನೀರನ್ನು ಕಳೆದರೂ, ಆಗ ದಿನಕ್ಕೆ 400ಕ್ಕೆ ಕಡಿಮೆಯಿಲ್ಲದ ಕೊರತೆ ನಿಮಗಿತ್ತು. ಉಳಿದ 200ಕ್ಕೂ ಹೆಚ್ಚು ಎಲ್ಲಿ ಹೋಯಿತು?

ಅಡುಗೆಮನೆಯಲ್ಲಿ ಹೋಯಿತು. ಇದನ್ನು ಹೇಳಿದರೆ ಎಲ್ಲರಿಗೂ ಬೇಸರ, ಆದರೂ ಹೇಳಲೇಬೇಕು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದರು. ಅವರ ದೇಹದ ಖರ್ಚು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ತಿಂದದ್ದನ್ನು ಅವರು ಸರಾಸರಿ 47% ಕಡಿಮೆ ಹೇಳಿದ್ದರು, ಮಾಡಿದ ದೈಹಿಕ ಶ್ರಮವನ್ನು 51% ಹೆಚ್ಚು ಹೇಳಿದ್ದರು. ಅವರೇನೂ ಸುಳ್ಳುಗಾರರಲ್ಲ. ಕಣ್ಣಳತೆ ಎಲ್ಲರದ್ದೂ ಹಾಗೆಯೇ, ಆಹಾರತಜ್ಞರದ್ದೂ.

ನಿಮ್ಮ ಪತ್ರದಲ್ಲೇ ಒಂದು ಉದಾಹರಣೆ ಇದೆ. ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದಿದ್ದೀರಿ. ಮೂರು ಚಪಾತಿಗೆ ನೂರು ಗ್ರಾಂ ಹಿಟ್ಟು ಬೇಕು, ಅದಕ್ಕೆ 330ರ ಆಸುಪಾಸು. ಬೇಯಿಸುವಾಗ ಒಂದೊಂದಕ್ಕೆ ಒಂದು ಟೀ ಚಮಚ ಎಣ್ಣೆ ಎಂದರೆ ಇನ್ನೊಂದು 120. ಒಟ್ಟು 450. ನೀವು ಬಿಟ್ಟ ಅನ್ನ 60 ಗ್ರಾಂ ಅಕ್ಕಿಯದ್ದಾಗಿದ್ದರೆ ಅದರಲ್ಲಿ ಇದ್ದದ್ದು 210. ತ್ಯಾಗ ಮಾಡಿದ ನೆಮ್ಮದಿಯಲ್ಲಿ ಇಮ್ಮಡಿ ತಿಂದಿರಿ. ಇನ್ನು ಒಗ್ಗರಣೆ. ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವ ಕೈಗೆ 15 ಮಿ.ಲೀ. ಮತ್ತು 30 ಮಿ.ಲೀ. ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಅದು 120 ಕ್ಯಾಲೊರಿಯ ವ್ಯತ್ಯಾಸ. ಸ್ಟಾಫ್ ರೂಮಿನ ಕಾಫಿ ಸೇರಿ ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯಿಂದಲೇ 120. ಒಂದು ಹಿಡಿ ಶೇಂಗಾ, 30 ಗ್ರಾಂ, 160ಕ್ಕೂ ಮೇಲೆ. ನಿಮ್ಮ ಒಂದು ಗಂಟೆಯ ನಡಿಗೆಯಲ್ಲಿ, ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದರೆ, ಉಳಿಯುವುದು ಸರಿಸುಮಾರು ಅಷ್ಟೇ.

ಭಾನುವಾರದ ಬೆಣ್ಣೆ ದೋಸೆಯನ್ನು ನಾನು ಬಿಡಿಸುವುದಿಲ್ಲ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 300 ಉಳಿಸಿದ್ದು 1,500. ಶನಿವಾರ ಭಾನುವಾರ 750ರಂತೆ ಹೆಚ್ಚು ತಿಂದರೆ ವಾರದ ಉಳಿತಾಯ ಸೊನ್ನೆ. ಐದು ದಿನ ಹಸಿದದ್ದು ನಿಜ, ತೂಕ ಇಳಿಯದಿದ್ದದ್ದೂ ನಿಜ.

ಆದ್ದರಿಂದ ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ, ಅಳೆಯಿರಿ ಅಷ್ಟೇ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಯಾವ ಪ್ರೋಟೀನ್ ಡಬ್ಬಿಗಿಂತಲೂ ಅದು ಒಳ್ಳೆಯ ಖರ್ಚು. ಅಕ್ಕಿ, ಹಿಟ್ಟು, ಬೇಳೆಯನ್ನು ಹಸಿಯಾಗಿದ್ದಾಗಲೇ ತೂಗಿ, ಬೆಂದ ಮೇಲೆ ನೀರು ಸೇರಿ ಲೆಕ್ಕ ಕೆಡುತ್ತದೆ. ಮಕ್ಕಳ ತಟ್ಟೆಯಲ್ಲಿ ಮಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡದ್ದನ್ನೂ ಬರೆಯಿರಿ. ಎರಡು ಭಾನುವಾರ ಅದರಲ್ಲಿ ಬರಬೇಕು. ಎಣ್ಣೆಗೆ ತಕ್ಕಡಿಯೂ ಬೇಡ: ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್, ಎಲ್ಲ ಬಗೆಯ ಎಣ್ಣೆ ಸೇರಿ, ತುಪ್ಪ ತಿಂದಷ್ಟು ಅದರಲ್ಲೇ ಕಳೆಯಬೇಕು. ಹದಿನೈದನೇ ತಾರೀಕಿಗೆ ಎರಡು ಲೀಟರ್ ಖಾಲಿಯಾಗಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಆಮೇಲೆ ದಿನಕ್ಕೆ 200–250 ಮಾತ್ರ ಕಡಿಮೆ ಮಾಡಿ, ಅದೂ ಒಂದೆರಡು ಜಾಗದಲ್ಲಿ. ಎಣ್ಣೆ ಮತ್ತು ಕಾಫಿ ಸಕ್ಕರೆಯಿಂದಲೇ ಅಷ್ಟು ಸಿಗುತ್ತದೆ, ಹೊಟ್ಟೆಗೆ ತಿಳಿಯುವುದೂ ಇಲ್ಲ. ವೈದ್ಯರ ಕಣ್ಣಿಲ್ಲದೆ ದಿನಕ್ಕೆ 1,200 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು. ಪ್ರೋಟೀನ್ ಏರಿಸಿ. ನಿಮ್ಮ ತೂಕಕ್ಕೆ ದಿನಕ್ಕೆ 70–80 ಗ್ರಾಂ ಗುರಿ ಇಡಿ. ಸಸ್ಯಾಹಾರದಲ್ಲಿ ಆಗದು ಎನ್ನಬೇಡಿ: 40 ಗ್ರಾಂ ತೊಗರಿಬೇಳೆಯಲ್ಲಿ 8–9, ಅಷ್ಟೇ ಹೆಸರುಕಾಳಿನಲ್ಲಿ 9, 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15, 300 ಗ್ರಾಂ ಮೊಸರಿನಲ್ಲಿ 9–10, ಒಂದು ಲೋಟ ಹಾಲಿನಲ್ಲಿ 6, ದಿನದ ಅಕ್ಕಿ, ರಾಗಿ, ಗೋಧಿ ಸೇರಿ 15ರ ಮೇಲೆ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6. ನೀರಿನಂಥ ತಿಳಿಸಾರಿನಲ್ಲಿ ಬೇಳೆಯ ಬಣ್ಣ ಮಾತ್ರ ಇರುತ್ತದೆ, ಗಟ್ಟಿ ಬಡಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಪ್ಯಾರಾ ಅನ್ವಯಿಸುವುದಿಲ್ಲ.

ಎರಡನೇ ಗಂಟೆಯ ವಾಕಿಂಗ್ ಬದಲು ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯು ಮತ್ತಿತರ ಕೊಬ್ಬಲ್ಲದ ಭಾಗವೇ ಆಗಿರಬಹುದು. ಅದನ್ನು ಉಳಿಸಿಕೊಳ್ಳದಿದ್ದರೆ ಮುಂದಿನ ವರ್ಷ ತೂಕ ಮರಳಿದಾಗ ಬರುವುದು ಬಹುಪಾಲು ಬರೀ ಕೊಬ್ಬು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅದು ಸುಲಭವಾದ ಮೇಲೆ ಬಸ್ಕಿ. ಗೋಡೆಗೆ ಕೈಯಿಟ್ಟು ದಂಡ. ಐದು ಲೀಟರ್ ನೀರಿನ ಕ್ಯಾನ್ ಹಿಡಿದು ಬಗ್ಗಿ ಏಳುವುದು, ಬೆನ್ನು ನೇರ. ಒಂದೊಂದೂ 8ರಿಂದ 12 ಸಲ, ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಅನಿಸದಿದ್ದರೆ ಭಾರ ಸಾಲದು. ಮೊದಲ ಎರಡು ವಾರ ತೂಕ ತುಸು ಏರಿದರೆ ಅದು ಸ್ನಾಯುವಿನ ನೀರು, ಹೆದರಿ ಬಿಡಬೇಡಿ.

ಈಗ ಹುಮ್ಮಸ್ಸಿನ ಮಾತು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಗಮನಿಸಿದರು. ಸ್ವಇಚ್ಛೆಯಿಂದ ಬಂದ, ಗಟ್ಟಿಮನಸ್ಸಿನ ಯುವಕರು ಅವರು. ತಿಂಗಳುಗಳು ಕಳೆದಂತೆ ಮಂಕಾದರು, ಸಿಡುಕಿದರು, ಓದಿನಲ್ಲಿ, ಸ್ನೇಹದಲ್ಲಿ ಆಸಕ್ತಿ ಕಳೆದುಕೊಂಡರು, ದಿನವಿಡೀ ಊಟದ್ದೇ ಧ್ಯಾನ. ನಿಮ್ಮ ಕೊರತೆ ಅವರಷ್ಟು ತೀವ್ರವಲ್ಲ, ಆದರೆ ತಿಂಗಳುಗಟ್ಟಲೆ ಹಸಿದವರಿಗೆ ಮನಸ್ಸು ಬತ್ತುವುದು ದೇಹದ ಲಕ್ಷಣ. ಅದನ್ನು ಸೋಮಾರಿತನ ಎಂದುಕೊಂಡು ತಮ್ಮನ್ನೇ ಬೈದುಕೊಂಡು ಇನ್ನಷ್ಟು ಉಪವಾಸ ಮಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅಂಥ ಉಪವಾಸ ಸಂಜೆ ನಾಲ್ಕಕ್ಕೆ ಚಕ್ಕುಲಿ ಡಬ್ಬಿಯಲ್ಲಿ ಮುಗಿಯುತ್ತದೆ.

ಆದ್ದರಿಂದ ಎರಡು ವಾರ ವಿರಾಮ ತೆಗೆದುಕೊಳ್ಳಿ, ಆದರೆ ತಾರೀಕು ಗೊತ್ತುಮಾಡಿ. ಆ ಹದಿನಾಲ್ಕು ದಿನ ತೂಕ ಇಳಿಸುವುದಿಲ್ಲ, 70ನ್ನು ಉಳಿಸುವುದೇ ಕೆಲಸ. ದಿನಕ್ಕೆ ಒಂದು ಸೌಟು ಅನ್ನ, ಒಂದು ಹಣ್ಣು ಹೆಚ್ಚು ಹಾಕಿಕೊಳ್ಳಿ. ವಾಕಿಂಗ್, ವ್ಯಾಯಾಮ ಹಾಗೇ ಇರಲಿ. ಒಂದು ಕೆ.ಜಿ. ಏರಬಹುದು. ದೇಹ ಶೇಖರಿಸಿಕೊಳ್ಳುವ ಪ್ರತಿ ಗ್ರಾಂ ಗ್ಲೈಕೋಜೆನ್ (ಕೂಡಿಟ್ಟ ಸಕ್ಕರೆ) ಜೊತೆ ಸುಮಾರು ಮೂರು ಗ್ರಾಂ ನೀರು ಬರುತ್ತದೆ, ಅಷ್ಟೇ. ಯುಗಾದಿ, ಮನೆಯ ಮದುವೆ ಇರುವ ವಾರಗಳನ್ನೇ ಇದಕ್ಕೆ ಆರಿಸಿಕೊಂಡರೆ ಹೋಳಿಗೆ ತಿಂದ ತಪ್ಪಿತಸ್ಥ ಭಾವವೂ ಉಳಿಯದು.

ಮರಳಿ ಶುರುಮಾಡಿದಾಗ ನಾಲ್ಕು ವಾರಕ್ಕೊಮ್ಮೆ ಮಾತ್ರ ತೀರ್ಮಾನ ಮಾಡಿ. ನಡುವೆ ಯಾವ ಬೆಳಗಿನ ಅಂಕಿ ನೋಡಿಯೂ ಊಟ ಬದಲಿಸಬೇಡಿ. ನೋಟ್‌ಬುಕ್ಕಿನಲ್ಲಿ ತೂಕದ ಪಕ್ಕ ಸೊಂಟ, ಬಿ.ಪಿ., ಬಸ್ಕಿಯ ಸಂಖ್ಯೆ ಇರಲಿ. ಬಸ್ಕಿ ಆರರಿಂದ ಹನ್ನೆರಡಕ್ಕೆ ಏರಿದ್ದು ನಿಮ್ಮ ಕೈಲಿರುವ ಸಂಗತಿ, ತೂಕ ಹಾಗಲ್ಲ. ನೆನಪಿರಲಿ, ದೇಹತೂಕದ 5% ಇಳಿದರೇ ರಕ್ತದೊತ್ತಡ, ಸಕ್ಕರೆ ಸುಧಾರಿಸತೊಡಗುತ್ತವೆ. ನೀವು 10% ದಾಟಿದ್ದೀರಿ. ಮುಂದಿನ ಗುರಿ 66–67 ಇರಲಿ. ಮದುವೆಗೆ ಮುಂಚಿನ 52 ಕೆ.ಜಿ.ಯನ್ನು ಮರೆತುಬಿಡಿ.

ಇಷ್ಟೆಲ್ಲ ಎಂಟು ವಾರ ಪ್ರಾಮಾಣಿಕವಾಗಿ ಮಾಡಿಯೂ ಕದಲದಿದ್ದರೆ ವೈದ್ಯರನ್ನು ನೋಡಿ. ಥೈರಾಯ್ಡ್ ಕೊರತೆ ಇದೆಯೇ ಎಂದು ತಿಳಿಯಲು ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ. ಜೋರು ಗೊರಕೆ, ಹಗಲು ತೂಕಡಿಕೆ, ಅನಿಯಮಿತ ಮುಟ್ಟು ಇದ್ದರೆ ಹೇಳಿ. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಒಯ್ಯಿರಿ: ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಸಕ್ಕರೆ ಮಾತ್ರೆಗಳು, ಕೆಲವು ಮಾನಸಿಕ ಮತ್ತು ಮೂರ್ಛೆರೋಗದ ಔಷಧಗಳು ತೂಕ ಏರಿಸುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ರಾಗಿ ಮುದ್ದೆ ಎಷ್ಟು ತಿಂದರೂ ತೂಕ ಬರುವುದಿಲ್ಲವಂತೆ, ನಿಜವೇ? – ಮಂಡ್ಯ

ಇಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕ್ಯಾಲೊರಿ, ಅಕ್ಕಿಯಲ್ಲಿ 355. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚಿದೆ, ಹಸಿವು ತಡೆಯುತ್ತದೆ, ತಿನ್ನಿ. ಎರಡು ಮುದ್ದೆ ಎರಡೇ ಮುದ್ದೆ.

ಹೊಟ್ಟೆ ಮಾತ್ರ ಕರಗಿಸುವ ಬೆಲ್ಟ್ ಕೊಳ್ಳಬಹುದೇ? – ಹುಬ್ಬಳ್ಳಿ

ಬೆವರು ಹೋಗುತ್ತದೆ, ದುಡ್ಡು ಹೋಗುತ್ತದೆ.

ಬೆಳಿಗ್ಗೆ ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿದರೆ ಕೊಬ್ಬು ಕರಗುವುದೇ? – ಹಾಸನ

ಕರಗುವುದಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲೊರಿ ಇದೆ.

ಉಪ್ಪಾಗೆ ನಮ್ಮ ಕಾಡಿನದೇ ಹಣ್ಣು. ಅದರ ಕ್ಯಾಪ್ಸೂಲ್‌ನಿಂದ ತೊಂದರೆ ಏನು? – ಶಿರಸಿ

ಅಡುಗೆಗೆ ಹುಳಿಯಾಗಿ ಹಾಕುವ ಒಂದೆರಡು ಒಣ ಸಿಪ್ಪೆ ಬೇರೆ, ಅದರ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವನ್ನು ಸಾಂದ್ರಗೊಳಿಸಿ ಡಬ್ಬಿ ತುಂಬಿದ್ದು ಬೇರೆ. ಇಂಥ ಉತ್ಪನ್ನಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ತೂಕದ ಮೇಲಿನ ಲಾಭ ಹೇಳಿಕೊಳ್ಳುವಂಥದ್ದೇನಲ್ಲ. ಹತ್ತು ದಿನದಲ್ಲಿ ಹಸಿವೇ ಸತ್ತುಹೋಗುವ "ಗಿಡಮೂಲಿಕೆ" ಪುಡಿ ಕಂಡರೆ ಇನ್ನೂ ಎಚ್ಚರ. ಹೃದಯಕ್ಕೆ ಅಪಾಯವೆಂದು ಭಾರತದಲ್ಲಿ 2011ರಲ್ಲೇ ನಿಷೇಧವಾದ ಸಿಬುಟ್ರಮಿನ್ ಔಷಧವನ್ನು ಇಂಥ ಪುಡಿಗಳಲ್ಲಿ ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಚೀಟಿಯಲ್ಲಿ ಅದರ ಹೆಸರು ಇರುವುದಿಲ್ಲ.

ವಾರಕ್ಕೊಂದು ಇಂಜೆಕ್ಷನ್ ತಗೊಂಡರೆ ಡಯಟ್ ಬೇಡವಂತೆ? – ಬೆಂಗಳೂರು

ಈ ಇಂಜೆಕ್ಷನ್‌ಗಳಲ್ಲಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಕೆಲಸ ಮಾಡುವ ಔಷಧಗಳೇ. ಯಾರಿಗೆ ಬೇಕೆಂದು ವೈದ್ಯರು ನಿರ್ಧರಿಸಬೇಕು, ಜಿಮ್ ತರಬೇತುದಾರರಲ್ಲ. ಹಸಿವು ಕುಗ್ಗಿದಾಗ ಪ್ರೋಟೀನ್ ಮತ್ತು ವ್ಯಾಯಾಮ ಮೊದಲಿಗಿಂತ ಮುಖ್ಯ, ಇಲ್ಲವಾದರೆ ಸ್ನಾಯುವೂ ಕರಗುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಮರಳಿದ್ದನ್ನು ಪರೀಕ್ಷೆಗಳು ತೋರಿಸಿವೆ.

ಥೈರಾಯ್ಡ್ ಮಾತ್ರೆಯ ಡೋಸ್ ನಾನೇ ಸ್ವಲ್ಪ ಹೆಚ್ಚಿಸಿಕೊಂಡರೆ ತೂಕ ಬೇಗ ಇಳಿಯಬಹುದಲ್ಲವೇ? – ತುಮಕೂರು

ದಯವಿಟ್ಟು ಮಾಡಬೇಡಿ. ಹೆಚ್ಚಾದ ಡೋಸ್ ಹೃದಯದ ಬಡಿತವನ್ನು ತಪ್ಪಿಸುತ್ತದೆ, ಮೂಳೆ ಸವೆಸುತ್ತದೆ, ಸ್ನಾಯು ಕರಗಿಸುತ್ತದೆ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆ.ಜಿ., ಅದರಲ್ಲೂ ಹೆಚ್ಚಿನದು ದೇಹ ಹಿಡಿದಿಟ್ಟ ಉಪ್ಪು ಮತ್ತು ನೀರಿನದು. ಇರುವ ಡೋಸನ್ನೇ ಸರಿಯಾಗಿ ನುಂಗಿ: ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಬಿಟ್ಟು ತಗೊಳ್ಳಿ.