ಪಿತ್ತಕೋಶ ತೆಗೆಸಿದ ಮೇಲೆ ಭೇದಿ: ನಮ್ಮ ಜಾಡಿಯಿಂದ ಆಗುವುದೆಷ್ಟು?

ಅಕ್ಕ, ಪಿತ್ತಕೋಶ ತೆಗೆಸಿ ಆರು ತಿಂಗಳಾಯ್ತು, ಜಿಡ್ಡಿನ ಊಟ ಮಾಡಿದರೆ ಸಾಕು ಭೇದಿ, ನಾವು ಮನೆಯಲ್ಲಿ ಹುದುಗಿಸುವ ತರಕಾರಿ ದಿನಾ ತಿಂದರೆ ಕರುಳು ಸರಿಹೋಗುತ್ತಾ ಅಂತ ಕೇಳಿದ್ದೀರಿ. ಒಗ್ಗಿದರೆ ತಿನ್ನಿ, ಆದರೆ ಅದನ್ನೇ ನಂಬಿ ಕೂರಬೇಡಿ. ನಾನೂ ಹಾಗೆ ಕೂತು ಒಂದು ವರ್ಷ ಕಳೆದವನು.

ಮೊದಲು ಪಿತ್ತದ ಕೆಲಸ ಏನು ನೋಡೋಣ. (ನೆತ್ತಿಗೇರುವ ಪಿತ್ತ ಬೇರೆ ಬಿಡಿ!) ಜಿಡ್ಡು ಹಿಡಿದ ಬಾಣಲೆಗೆ ಬರೀ ನೀರು ಹುಯ್ದರೆ ಎಣ್ಣೆ ಮೇಲೇ ತೇಲುತ್ತದೆ. ಒಂದು ಹನಿ ಸೋಪು ಬಿಟ್ಟು ಉಜ್ಜಿ, ನೀರು ಬೆಳ್ಳಗಾಗಿ ಎಣ್ಣೆ ಚೂರುಚೂರಾಗುತ್ತದೆ ಅಲ್ವಾ? ಪಿತ್ತದಲ್ಲಿರುವ, ಲಿವರ್ ಕೊಲೆಸ್ಟರಾಲ್‌ನಿಂದ ತಯಾರಿಸುವ ಪಿತ್ತಾಮ್ಲ ಕರುಳಿನಲ್ಲಿ ಮಾಡುವುದೂ ಅದನ್ನೇ. ಕೆಲಸ ಮುಗಿದ ಮೇಲೆ ಅದರಲ್ಲಿ ನೂರಕ್ಕೆ ಸುಮಾರು 95 ಪಾಲು ಸಣ್ಣ ಕರುಳಿನ ಕೊನೆಯಿಂದ ಲಿವರ್‌ಗೆ ವಾಪಸ್ ಹೋಗುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ.

ಅಲ್ಲಿ ಬ್ಯಾಕ್ಟೀರಿಯಾ ಕಾದಿರುತ್ತವೆ. ಲಿವರ್ ಪಿತ್ತಾಮ್ಲಕ್ಕೆ ಗ್ಲೈಸಿನ್ ಅಥವಾ ಟಾರಿನ್ ಎಂಬ ಬಾಲ ಅಂಟಿಸಿ ಕಳಿಸಿರುತ್ತದೆ. ಆ ಬಾಲ ಕತ್ತರಿಸುವುದು ನಮ್ಮ ಜಾಡಿಯಲ್ಲಿ ತರಕಾರಿ ಹುದುಗಿಸುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬಳಗದ ಹಲವಕ್ಕೂ ಗೊತ್ತು. ಆದರೆ ಮುಂದಿನ ಕೆಲಸ, ಅಂದರೆ ಅದನ್ನು ಡಿಆಕ್ಸಿಕೋಲಿಕ್ ಆಮ್ಲವಾಗಿ ಬದಲಿಸುವುದು, ಅವುಗಳ ಕೈಲಾಗುವುದಿಲ್ಲ. ಅದು ಕ್ಲಾಸ್ಟ್ರಿಡಿಯಂ ಸಿಂಡೆನ್ಸ್‌ನಂಥ ಕೆಲವೇ ಜಾತಿಗಳ ಕಸುಬು. ಅವು ಉಪ್ಪುನೀರಿನ ಜಾಡಿಯಲ್ಲಿ ಸಿಗುವವಲ್ಲ.

ಆ ಕೆಲವು ಜಾತಿಗಳ ಬೆಲೆ ಗೊತ್ತಾಗುವುದು ಆಂಟಿಬಯೋಟಿಕ್ ಅವನ್ನು ಅಳಿಸಿದಾಗ. ಸಿ. ಡಿಫಿಸಿಲ್ ಎಂಬ ಕೆಟ್ಟ ಭೇದಿಯ ಬ್ಯಾಕ್ಟೀರಿಯಾ ಇದೆಯಲ್ಲ, ಲಿವರ್ ಕಳಿಸಿದ ಟಾರಿನ್ ಬಾಲದ ಪಿತ್ತಾಮ್ಲ ಸಿಕ್ಕರೆ ಅದರ ಬೀಜಕಣ ಮೊಳೆಯುತ್ತದೆ. ಡಿಆಕ್ಸಿಕೋಲಿಕ್ ಆಮ್ಲ ಅದನ್ನು ಬೆಳೆಯಲು ಬಿಡುವುದಿಲ್ಲ. ಹಾಗಂತ ಇದು ಜಾಸ್ತಿಯಾದರೂ ಒಳ್ಳೆಯದಲ್ಲ, ದೊಡ್ಡ ಕರುಳಿನ ಕ್ಯಾನ್ಸರ್ ಜೊತೆ ಇದರ ನಂಟು ಕಂಡಿದೆ.

ಈಗ ನಿಮ್ಮ ವಿಷಯ. ಪಿತ್ತ ಕೂಡಿಡುವ ಚೀಲ ಇಲ್ಲ, ಹಾಗಾಗಿ ದಿನವಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ. ದೊಡ್ಡ ಕರುಳಿಗೆ ಜಾಸ್ತಿ ಬಿದ್ದರೆ ಅದು ನೀರು ಬಿಡುತ್ತದೆ, ನೀವು ಓಡುತ್ತೀರಿ. ನನಗೆ ಇಬ್ಬರು ಡಾಕ್ಟರು "ಟೆನ್ಷನ್ ಅಷ್ಟೇ" ಅಂದರು. ಮೂರನೆಯವರು ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟೈರಮೀನ್ ಪುಡಿ ಬರೆದರು. ನೀರಿನಲ್ಲಿ ಕರಗುವುದೇ ಇಲ್ಲ, ಸಣ್ಣ ಮರಳು ಕುಡಿದ ಹಾಗೆ. ಲೋಟ ಅಲ್ಲಾಡಿಸುತ್ತಾ ಕುಡಿಯಬೇಕು, ಇಲ್ಲದಿದ್ದರೆ ಅರ್ಧ ತಳದಲ್ಲೇ ಉಳಿಯುತ್ತದೆ. ಆದರೆ ವಾರದೊಳಗೆ ಫರಕು ಗೊತ್ತಾಯಿತು. ಡಾಕ್ಟರ ಹತ್ತಿರ "ಪಿತ್ತಾಮ್ಲದ ಭೇದಿ ಇರಬಹುದಾ" ಅಂತ ನೇರವಾಗಿ ಕೇಳಿ. ಈ ಪುಡಿ ಬೇರೆ ಮಾತ್ರೆಗಳನ್ನೂ ಹಿಡಿದುಕೊಳ್ಳುತ್ತದೆ. ಅವನ್ನು ಒಂದು ಗಂಟೆ ಮೊದಲು ಅಥವಾ 4ರಿಂದ 6 ಗಂಟೆ ನಂತರ ನುಂಗಬೇಕು. ಥೈರಾಯ್ಡ್ ಮಾತ್ರೆ ಇದ್ದರಂತೂ ಮರೆಯದೆ ಹೇಳಿ.

ಮಲದಲ್ಲಿ ರಕ್ತ ಕಂಡರೆ ಅಥವಾ ತೂಕ ಇಳಿಯುತ್ತಿದ್ದರೆ ಇದನ್ನೆಲ್ಲ ಬಿಟ್ಟು ಮೊದಲು ತೋರಿಸಿಕೊಳ್ಳಿ.